ಕೆನ್ನೆಗಿಡದ ಕಡ

ಆ ಶುಕ್ರವಾರ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಗಾಳಿ ನಿಂತುಬಿಟ್ಟಿತ್ತು. ರಾತ್ರಿಯೆಲ್ಲ ಬೀಸಿದ ಧೂಳು ನೆಲಕ್ಕಿಳಿಯದೆ ಆಕಾಶದಲ್ಲೇ ತೂಗಿಕೊಂಡಿತ್ತು. ಮೂಡಣದ ಬೆಳಕು ಅದರೊಳಗಿಂದ ಸೋಸಿಕೊಂಡು ಬಂದು, ಊರಿನ ಬಿಳಿ ಮಾಳಿಗೆಗಳ ಮೇಲೆ ತಿಕ್ಕಿದ ತಾಮ್ರದ ತಂಬಿಗೆಯ ಬಣ್ಣ ಚೆಲ್ಲಿತ್ತು. ಕಾಗೆ ಕೂಡ ಕೂಗಲಿಲ್ಲ. ಇಂಥ ದಿನ ಬಿಸಿಲು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಹೆಂಗಸರು ಅಂಗಳಕ್ಕೆ ನೀರು ಚಿಮುಕಿಸಿ, ಎರಡೆಳೆ ರಂಗೋಲಿ ಎಳೆದು, ಹೊತ್ತೇರುವ ಮೊದಲೇ ಬಾಗಿಲು ಹಾಕಿಕೊಂಡರು.

ತಂಪೂರು ಅನ್ನುವುದು ಜನ ಇಟ್ಟುಕೊಂಡ ಹೆಸರು. ಸರ್ಕಾರದ ಕಾಗದದಲ್ಲಿ ಅದು ತಾಪರಕ್ಷಿತ ವಸತಿ ವಲಯ. ಎರಡು ನದಿಗಳ ನಡುವಿನ ಈ ಎಡೆದೊರೆ ಸೀಮೆಯ ಬೇಸಿಗೆ ಮನುಷ್ಯ ತಾಳುವ ಮಟ್ಟ ಮೀರಿದ ಮೇಲೆ ಗುಡ್ಡದ ಬುಡದಲ್ಲಿ, ಅರ್ಧ ನೆಲದೊಳಗೆ ಅರ್ಧ ನೆಲದ ಮೇಲೆ, ಸಾಲು ಮನೆಗಳನ್ನು ಕಟ್ಟಿ ಸುತ್ತಲ ಊರುಗಳ ಜನರನ್ನು ತಂದಿರಿಸಿದ್ದರು. ಹಗಲೆಲ್ಲ ಮುಚ್ಚಿದ ಬಾಗಿಲೊಳಗೆ, ಕೊಳವೆಯಲ್ಲಿ ಬರುವ ತಣ್ಣನೆ ಗಾಳಿಯಲ್ಲಿ ಬಾಳುವೆ. ಸಂಜೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಮತ್ತೆ ಅದೇ ಊರು, ಅದೇ ಮಾತು, ಅದೇ ಜಗಳ.

ಈ ಗಾಳಿಯನ್ನು ತಣಿಸಲು ಗೋಡೆಯೊಳಗೆ ಹರಿಸುವ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿಗಿಂತ ಭಾರ. ಗೋಡೆಯ ಕೊಳವೆ ಎಲ್ಲಾದರೂ ಸೋರಿದರೆ ಅದು ನೀರಿನ ಹಾಗೆ ನೆಲ ಹಿಡಿದು ತುಂಬುತ್ತದೆ. ಒಳಗಿದ್ದವರಿಗೆ ಹಿತವಾದ ನಿದ್ದೆ ಬರುತ್ತದೆ, ಎಚ್ಚರ ಮಾತ್ರ ಬರುವುದಿಲ್ಲ. ಅದನ್ನು ಹಿಡಿಯಲು ಮೊದಲು ಯಂತ್ರಗಳನ್ನು ಕೂರಿಸಿದರು. ಈ ಸೀಮೆಯ ಧೂಳು ಒಂದೇ ಬೇಸಿಗೆಯಲ್ಲಿ ಅವುಗಳ ಮೂಗು ಕಟ್ಟಿಸಿತು. ಆಗ ವಿಜ್ಞಾನಿಗಳು ಗಿಡದ ಕಡೆ ತಿರುಗಿದರು.

ಅದು ದೂರದ ಮಳೆಕಾಡಿನಲ್ಲಿ ಮರದ ನೆರಳು ಹಿಡಿದು ಹಬ್ಬುವ ಬಳ್ಳಿ. ಕೆಸುವಿನ ಎಲೆಯಂಥ ಅಗಲವಾದ ಎಲೆ, ಅರ್ಧ ಹಸಿರು, ಅರ್ಧ ಹಾಲಿನಂಥ ಬಿಳಿ. ಹಿಂದೆ ಉಳ್ಳವರು ಅಂದಕ್ಕೆಂದು ಪಡಸಾಲೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಗಿಡ. ಎಲೆಯ ಹಸಿರು ಬೆಳಕುಂಡು ಅಡಿಗೆ ಮಾಡುತ್ತದೆ. ಬಿಳಿಗೆ ಆ ವಿದ್ಯೆ ಇಲ್ಲ, ಅದು ಹಸಿರಿನ ಕೈತುತ್ತು ತಿಂದು ಬದುಕುತ್ತದೆ. ಅಲ್ಲಿ ಏನೂ ಬರೆದಿಲ್ಲವೆಂದೇ ವಿಜ್ಞಾನಿಗಳಿಗೆ ಅಲ್ಲಿ ಬರೆಯಲು ಜಾಗ ಸಿಕ್ಕಿತು. ಆ ಅನಿಲ ಸೋಕಿದರೆ ಬಿಳಿಯ ಭಾಗಕ್ಕೆ ಬೀಟ್‌ರೂಟಿನ ರಸ ಹತ್ತಿದಂತೆ ಕೆಂಪು ಏರಬೇಕು, ಅಂಥ ಗುಣವೊಂದನ್ನು ಗಿಡದ ವಂಶದೊಳಗೆ ಸೇರಿಸಿದರು. ಮನೆಗೊಂದು ಗಿಡ, ಗಿಡದೆದುರು ಒಂದು ಪುಟ್ಟ ಕ್ಯಾಮೆರಾ, ಊರಿನ ನಡುವೆ ಎಲ್ಲ ಎಲೆಗಳನ್ನೂ ನೋಡುತ್ತ ಕೂರುವ ನಿಗಾಕೋಣೆ. ನಾಚಿದವರ ಹಾಗೆ ಕೆಂಪಗಾಗುವ ಗಿಡವನ್ನು ಜನ ಕೆನ್ನೆಗಿಡ ಅಂದರು. ಹೆಸರು ನಿಂತುಬಿಟ್ಟಿತು.

ಪಂಪಾವತಿ ಆ ನಿಗಾಕೋಣೆಯಲ್ಲಿ ಕೆಲಸಕ್ಕಿದ್ದಳು. ಊರಿನ ಎಲೆಗಳನ್ನೆಲ್ಲ ನೋಡುವವಳಿಗೆ ತನ್ನ ಮನೆಯ ಎಲೆ ಕಂಡಿರಲಿಲ್ಲ ಎಂಬುದು ತಮಾಷೆಯ ಮಾತು.

ಎರಡು ವರ್ಷದ ಹಿಂದಿನ ಸಂಗತಿ. ಅವಳ ಗಿಡ ಸೊಂಪಾಗಿ ಬೆಳೆದು, ಒಂದರ ಹಿಂದೊಂದು ಕಡುಹಸಿರು ಎಲೆ ಬಿಟ್ಟಿತ್ತು. ಹೆಮ್ಮೆಯಿಂದ ಪಕ್ಕದ ಮನೆಯ ಹುಲಿಗೆಮ್ಮನನ್ನು ಕರೆದು ತೋರಿಸಿದಳು. ಹುಲಿಗೆಮ್ಮ ಸೆರಗಿನಿಂದ ಎಲೆಯ ಧೂಳು ಒರೆಸಿ, ತಿರುಗಿಸಿ ಮುರುಗಿಸಿ ನೋಡಿ, "ಚೆಂದ ಐತಿ ತಂಗಿ. ಆದ್ರ ಮೂಕ ಆಗೇತಿ," ಅಂದಳು.

"ಮೂಕ ಅಂದ್ರ?"

"ಬಿಳಿ ಎಲ್ಲೈತಿ ಇದರಾಗ? ನಾಳೆ ಗಾಳಿ ಕೆಟ್ರ ಎಲ್ಲಿಂದ ಕೆಂಪಾಗತೈತಿ? ನೀ ಕತ್ತಲ ಮೂಲ್ಯಾಗ ಇಟ್ಟಿ, ಅದು ಹೊಟ್ಟಿ ತುಂಬಿಸ್ಕೊಳ್ಳಾಕ ಹಸರಾತು. ಕಿಟಕಿಗೆ ಒತ್ತಿ ಇಟ್ರ ಬಿಳಿ ಸುಡತೈತಿ. ಬೆಳಕು ಇರಬೇಕು, ಬಿಸಲು ಇರಬಾರದು. ಊರ ಮಂದಿ ಗಿಡ ನೋಡ್ತಾಳಂತ ಈಕಿ, ಪಗಾರ ಬ್ಯಾರೆ."

ಪಂಪಾವತಿಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಎಷ್ಟು ತಿಂಗಳಿಂದ ಆ ಮೂಕ ಗಿಡ ಎಲ್ಲ ಸರಿಯಿದೆ ಎನ್ನುತ್ತ ನಿಂತಿತ್ತೋ ಏನೋ. ಮರುದಿನ ಹುಲಿಗೆಮ್ಮ ತನ್ನ ಗಿಡದಿಂದ ಗೆಣ್ಣು ನೋಡಿ ಒಂದು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು.

"ದೇವರು ನಿಮಗ ಒಳ್ಳೇದು ಮಾಡ್ಲಿ ದೊಡ್ಡವ್ವ," ಅಂದಳು ಪಂಪಾವತಿ.

"ಹಂಗೆಲ್ಲ ಹೇಳಿ ಮುಗಿಸಬ್ಯಾಡ. ದಾನ ಅಲ್ಲ ಇದು, ಕಡ. ಹಿಟ್ಟು, ಹೆಪ್ಪು ಕಡ ಕೊಟ್ಟಂಗ. ಇದರ ಸಂತಾನದ್ದೊಂದು ಕಡ್ಡಿ ನನಗ ತಿರುಗಿ ಬರಬೇಕು."

"ನಿಮ್ಮ ಮನ್ಯಾಗ ಗಿಡ ಐತಲ್ಲ, ಕಡ್ಡಿ ಯಾಕ?"

"ದಾನ ಕೊಟ್ರ ನೀ ನಾಳೆ ನಮ್ಮ ಮನಿ ಕಡಿ ಬರೂದಿಲ್ಲ. ಕಡ ಅಂದ್ರ ಬರ್ತಿ."

ಅಂದಿನಿಂದ ಅದೊಂದು ಚೇಷ್ಟೆಯಾಗಿ ಬೆಳೆಯಿತು. ಸಂಜೆ ಕಟ್ಟೆಯ ಮೇಲೆ ಸಿಕ್ಕಾಗಲೆಲ್ಲ ಹುಲಿಗೆಮ್ಮ, "ಏನವಾ, ಕಡ ಮುಳುಗಿಸಿದಿ?" ಅನ್ನುವಳು. ಪಂಪಾವತಿ ಸುಮ್ಮನಿರಲಿಲ್ಲ. ಬಳ್ಳಿ ಬೆಳೆದ ಮೇಲೆ ಕಡ್ಡಿ ಕೊಯ್ದು ಗಾಜಿನ ಭರಣಿಯಲ್ಲಿ ಬೇರು ಬಿಡಿಸಿ, ಕುಂಡಕ್ಕೆ ಹಾಕಿದ್ದಳು. ಬೋರಿನ ನೀರಿಗೆ ಎಲೆಯಂಚು ಕಂದಾಗುತ್ತದೆಂದು ಕೊಳವೆಯಿಂದ ಹನಿಯುವ ನೀರು ಹಿಡಿದು ಹಾಕಿದಳು, ಅದೂ ಮಣ್ಣಿಗೆ ಬೆರಳು ಚುಚ್ಚಿ ನೋಡಿಯೇ. ಆದರೂ ಮೊದಲ ಎಲೆ ಪೂರ್ತಿ ಬಿಳಿ ಬಂತು. ಅದನ್ನು ನೋಡಿ ಹುಲಿಗೆಮ್ಮ, "ಇದಕ್ಕ ಬಾಯಿ ಭಾಳ, ಹೊಟ್ಟಿಗೇನಿಲ್ಲ. ಚಿವುಟು," ಅಂದಳು. ಚಿವುಟಿದ ಮೇಲೆ ಬಂದ ಕುಡಿ ಇನ್ನೂ ಸುರುಳಿ ಬಿಚ್ಚದೆ ಕೂತಿತ್ತು. ಎಲೆ ಸಮ ಬರಲಿ, ಆಮೇಲೆ ಕೊಟ್ಟರಾಯಿತು ಎಂದು ಪಂಪಾವತಿ ಕಾಯುತ್ತಿದ್ದಳು.

ಇನ್ನು ಶುಕ್ರವಾರದ ವಿಷಯ ಹೇಳಬೇಕು.

ಹಗಲು ರಾತ್ರಿ ಮನೆಮಂದಿಯ ಉಸಿರು ಕಾಯುತ್ತ ನಿಂತ ಗಿಡವನ್ನು ಈ ನಾಡಿನ ಹೆಂಗಸರು ಬರೀ ಗಿಡವೆಂದು ಎಷ್ಟು ದಿನ ನೋಡಿಯಾರು? ಗಿಡ ಬಂದ ಮೊದಲ ಶುಕ್ರವಾರವೇ ಎಲೆ ತೊಳೆದು, ಊದುಬತ್ತಿ ಬೆಳಗಿ, ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತದೆಂದು ಅಲ್ಲಿಯೇ ಕುಂಕುಮ ಹಚ್ಚಿದರು. ನಿಗಾಕೋಣೆಯ ಪರದೆಯ ಮೇಲೆ ಊರಿಗೆ ಊರೇ ಕೆಂಪಾಯಿತು. ಗಂಟೆ ಹೊಡೆದು, ಬಾಗಿಲುಗಳು ತಾವಾಗಿ ತೆರೆದು, ತಂಪು ಗಾಳಿ ನಿಂತು, ಜನ ಉರಿಬಿಸಿಲಿಗೆ ಓಡಿ ಬಂದರು. ಮುದುಕರೊಬ್ಬರು ಬಿಸಿಲಿಗೆ ಕುಸಿದು ಬಿದ್ದು ಎಷ್ಟೋ ದಿನ ಆಸ್ಪತ್ರೆಯಲ್ಲಿದ್ದರು.

ನಿಗಾಕೋಣೆಯ ಮುಖ್ಯಸ್ಥ ನರಹರಿಯವರು ಮೈಸೂರು ಕಡೆಯವರು, ಸಾವಧಾನದ ಮನುಷ್ಯ. ಓಣಿ ಓಣಿಗೆ ಹೋಗಿ ಕೈಮುಗಿದು, "ತಾಯಂದಿರಾ, ಎಲೆಗೆ ಕುಂಕುಮ ಹಚ್ಚಬೇಡಿ," ಅಂದರು. ತಾಯಂದಿರು ತಲೆಯಾಡಿಸಿದರು. ಮುಂದಿನ ಶುಕ್ರವಾರ ಕೆಲವರು ಕುಂಕುಮ ಸಣ್ಣದಾಗಿ ಹಚ್ಚಿದರು; ಕೆಲವರು, ಚುಕ್ಕೆ ಅಲ್ಲವೇ ತಪ್ಪು ಎಂದು, ಗೀರು ಎಳೆದರು. ಕೆಲವು ಕಡೆ ನೀರಿಗೆ ಕರಗಿ ಎಲೆಯ ತುಂಬ ಹರಿಯಿತು. ಯಾವುದು ಕುಂಕುಮ, ಯಾವುದು ಗಿಡದ ಕೆಂಪು ಎಂದು ಯಂತ್ರಕ್ಕೆ ಕಲಿಸಲು ಹೋಗಿ ಸೋತು, ಕೊನೆಗೆ ಎಲ್ಲರೂ ಕೂತು ಒಂದು ತೀರ್ಮಾನ ಮಾಡಿದರು. ಶುಕ್ರವಾರ ಮಧ್ಯಾಹ್ನದವರೆಗೆ ಬಿದ್ದ ಕೆಂಪನ್ನೆಲ್ಲ ಕುಂಕುಮವೆಂದೇ ತಿಳಿಯುವುದು, ಮಧ್ಯಾಹ್ನ ಎಲೆ ಒರೆಸಿರೆಂದು ಎಲ್ಲ ಮನೆಗೂ ಫೋನು ಮಾಡುವುದು. ಅದಕ್ಕೆ ಶುಕ್ರವಾರದ ಮಾಫಿ ಎಂದು ಹೆಸರು ಬಿತ್ತು. ದೈವ ದೊಡ್ಡದು, ಇಷ್ಟು ದಿನ ಏನೂ ಆಗಿರಲಿಲ್ಲ.

ಆ ಶುಕ್ರವಾರ ಪಂಪಾವತಿ ಚಹಾದ ಲೋಟ ಹಿಡಿದು ಪರದೆಯ ಮುಂದೆ ಕೂತಾಗ ಹೊರಗೆ ಬಿಸಿಲು ಬಿಳಿಚಿ ಉರಿಯುತ್ತಿತ್ತು. ಸಾಲು ಸಾಲಾಗಿ ಎಲೆಗಳು, ಎಲ್ಲದರ ಮೇಲೂ ಕೆಂಪು. ದಿನವೂ ಬೊಟ್ಟಿಲ್ಲದ ಮುಖಗಳಂತೆ ಕಾಣುವ ಎಲೆಗಳು ಶುಕ್ರವಾರ ಮಾತ್ರ ಮಿಂದು ಮಡಿಯುಟ್ಟ ಮುತ್ತೈದೆಯರ ಹಾಗೆ ಕಾಣುತ್ತಿದ್ದವು. ಅವಳಿಗೆ ಆ ನೋಟ ಇಷ್ಟ. ಕಣ್ಣು ಸುಮ್ಮನೆ ತನ್ನ ಓಣಿಯತ್ತ ಹರಿಯಿತು. ತನ್ನ ಮನೆ, ಅತ್ತೆ ಹಚ್ಚಿದ ಕುಂಕುಮ. ಪಕ್ಕದ್ದು ಹುಲಿಗೆಮ್ಮನ ಮನೆ, ಅಲ್ಲೂ ಕೆಂಪು.

ಮುಂದಿನ ಸಾಲಿಗೆ ಹೋದ ಕಣ್ಣು ತಾನಾಗಿ ಹಿಂದಕ್ಕೆ ಬಂತು. ಏನೋ ಸರಿಯಿಲ್ಲ. ಏನೆಂದು ತಿಳಿಯಲಿಲ್ಲ. ಚಹಾ ಗುಟುಕರಿಸಿದಳು. ಮೊನ್ನೆ ಸಂಜೆ ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದೆ ಬಟ್ಟಲು ಹಿಡಿದು ಹೋಗಿದ್ದಳಲ್ಲ, ಹುಲಿಗೆಮ್ಮ ಹೊಸ್ತಿಲಲ್ಲೇ ತಡೆದು ನಕ್ಕಿದ್ದಳು. "ಒಳಗ ಬರಬ್ಯಾಡ ತಂಗಿ, ಪುರುಡು ಐತಿ. ಶಾರವ್ವ ಹಡದಾಳ, ಗಂಡು. ಹನ್ನೊಂದು ಕಳದ ಮ್ಯಾಲ ಹೆಪ್ಪು ಒಯ್ಯುವಂತಿ. ಕಡ ತರೂದು ಮರೀಬ್ಯಾಡ ಮತ್ತ."

ಪಂಪಾವತಿ ಲೋಟ ಕೆಳಗಿಟ್ಟಳು.

"ಸರ್," ಅಂದಳು. "ನಮ್ಮ ಓಣಿಯೊಳಗ ಒಂದು ಮನಿ ಕೆಂಪೈತ್ರಿ."

ನರಹರಿ ಕನ್ನಡಕದ ಮೇಲಿಂದ ನೋಡಿದರು. "ಊರೇ ಕೆಂಪಗಿದೆಯಲ್ಲ ಪಂಪಾವತಿ. ಇವತ್ತು ಶುಕ್ರವಾರ ಕಣಮ್ಮ."

"ಅದಲ್ರಿ. ಆ ಮನ್ಯಾಗ ಮಗಳು ಬಾಣಂತಿ ಅದಾಳ. ಕೂಸು ಹುಟ್ಟಿ ವಾರ ಆಗಿಲ್ಲ. ಪುರುಡಿನ ಮನ್ಯಾಗ ಪೂಜಿ ಮಾಡಂಗಿಲ್ಲ, ದೀಪ ಹಚ್ಚಂಗಿಲ್ಲ. ಗಿಡಕ್ಕ ಕುಂಕುಮ ಹಚ್ಚಿದವರು ಯಾರ್ರಿ?"

ಹೇಳುತ್ತಲೇ ಆ ಮನೆಗೆ ಫೋನು ಮಾಡಿದಳು. ಅತ್ತ ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಎಣ್ಣೆನೀರು ಹಾಕಿಕೊಂಡ ಬಾಣಂತಿ ಹೊದ್ದು ಮಲಗುವ ಹೊತ್ತು ಅದು. ಎತ್ತದಿದ್ದರೆ ನಿದ್ದೆಯೂ ಇರಬಹುದು.

ನರಹರಿಯವರು ಎದ್ದು ಬಂದು ಪರದೆಯನ್ನು ದಿಟ್ಟಿಸಿದರು. ಎಲೆಯ ಬಿಳಿಯ ಮೇಲೆ ಕೆಂಪು ಹರಡಿತ್ತು, ನೀರಿಗೆ ಕರಗಿದ ಕುಂಕುಮದ ಹಾಗೆಯೇ. ಬಾಗಿಲು ತೆರೆಸಬೇಕೆಂದರೆ ಓಣಿಗೆ ಓಣಿಯದೇ ತಂಪು ನಿಲ್ಲುತ್ತದೆ, ಕೊಳವೆ ಒಂದೇ. ಹೊರಗೆ ಆ ಬಿಸಿಲು. ಅಂದು ಕುಸಿದ ಮುದುಕರ ಮಂಚದ ಪಕ್ಕ ಅವರು ಕೂತು ಬಂದದ್ದು ಪಂಪಾವತಿಗೆ ಗೊತ್ತಿತ್ತು. ಅವರ ಅಳುಕನ್ನು ಹೆಡ್ಡತನವೆನ್ನುವ ಹಾಗಿರಲಿಲ್ಲ.

"ಮನೇಲಿ ಬೇರೆ ಯಾರಾದರೂ, ತಿಳೀದೆ..."

"ದೊಡ್ಡವ್ವ ಹಂಗ ಬಿಡಾಕಿ ಅಲ್ರಿ. ನನಗ ಹೊಸ್ತಿಲ ದಾಟಾಕ ಬಿಡಲಿಲ್ಲ."

ನರಹರಿಯವರ ಮುಖದಲ್ಲಿ ಏನೋ ಸಡಿಲಿತು. ಅವರ ಮನೆಯಲ್ಲೂ ಮಕ್ಕಳು ಹುಟ್ಟಿದ್ದವು. "ನಿಮ್ಮಲ್ಲಿ ಎಷ್ಟು ದಿನ?"

"ಹನ್ನೊಂದ್ರಿ."

"ನಮ್ಮಲ್ಲಿ ಹತ್ತು," ಅಂದರು ಅವರು. ಕೊರಳಿಗೆ ಹಾಕಿದ್ದ ಕೀಲಿ ತೆಗೆದು, ಓಣಿಯ ಗುಂಡಿಯ ಮೇಲಿನ ಗಾಜನ್ನು ತಾವೇ ತೆರೆದು, ಒತ್ತಿದರು. "ನೀನು ಓಡು. ನಾನು ಆಂಬುಲೆನ್ಸ್ ಕಳಿಸ್ತೀನಿ, ಓಣಿಯವರಿಗೆ ನೆರಳಿಗೆ ನಿಲ್ಲೋಕೆ ಹೇಳ್ತೀನಿ."

ಒದ್ದೆ ಮಾಡಿದ ದುಪ್ಪಟಿ ಹೊದ್ದು ಪಂಪಾವತಿ ಓಡಿದಳು. ಬಿಸಿಲು ಮೈಮೇಲೆ ಬಿತ್ತು, ಯಾರೋ ಕಾದ ಹೆಂಚು ಎತ್ತಿ ಹಾಕಿದಂತೆ. ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಜನ ಮಕ್ಕಳನ್ನೆತ್ತಿಕೊಂಡು ಗೋಡೆಯ ನೆರಳಿಗೆ ಅಂಟಿ ನಿಂತು, "ಶುಕ್ರವಾರ ಏನ ತಂಗಿ ಇದು," ಎಂದು ಕೂಗುತ್ತಿದ್ದರು. ಹುಲಿಗೆಮ್ಮನ ಬಾಗಿಲೂ ತೆರೆದಿತ್ತು. ಅಲ್ಲಿಂದ ಮಾತ್ರ ಯಾರೂ ಹೊರಗೆ ಬಂದಿರಲಿಲ್ಲ.

ಹೊಸ್ತಿಲಲ್ಲಿ ಒಂದು ಗಳಿಗೆ ಅವಳ ಕಾಲು ತಡೆಯಿತು. ಪುರುಡಿನ ಮನೆ. ತಾಯಿ, ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಕೈಮುಗಿದು ದಾಟಿದಳು.

ಮೂವರೂ ನೆಲದ ಮೇಲಿದ್ದರು. ಶಾರವ್ವ ಹಾಸಿಗೆಯಲ್ಲಿ, ಪಕ್ಕದಲ್ಲಿ ಕೂಸಿನ ಮೈಗೆ ಕೈಯಿಟ್ಟು ಹುಲಿಗೆಮ್ಮ. ನಾಮಕರಣದ ದಿನ ತೊಟ್ಟಿಲಿಗೆ ಹಾಕುವವರೆಗೆ ಕೂಸನ್ನು ನೆಲದಲ್ಲೇ ಮಲಗಿಸುವುದು ರೂಢಿ. ಮೊರದಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿದ್ದರು. ಪಂಪಾವತಿ ಉಸಿರು ಬಿಗಿಹಿಡಿದು ಬಾಗಿ, ಮೊರದ ಸಮೇತ ಕೂಸನ್ನೆತ್ತಿ ಹೊರಗೆ ಓಡಿದಳು. ಹಿಂದೆಯೇ ನುಗ್ಗಿದ ಓಣಿಯ ಗಂಡಸರು ತಾಯಿಮಗಳನ್ನು ಹೊತ್ತು ತಂದರು.

ಕೂಸು ಅಳಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಪಂಪಾವತಿ ಅದರ ಅಂಗಾಲು ತಿಕ್ಕಿದಳು, ಬೆನ್ನು ತಿಕ್ಕಿದಳು, ಮುಖಕ್ಕೆ ಊದಿದಳು. ಆಮೇಲೆ ಕೂಸಿನ ಮೂಗಿನ ಹೊಳ್ಳೆ ಅರಳಿತು. ಮುಖ ಕಿವುಚಿತು. ಹಣೆಯಿಂದ ಗಲ್ಲದವರೆಗೆ ಕೆಂಪೇರಿತು. ಗಂಟಲು ಹರಿಯುವಂತೆ ಅತ್ತಿತು. ಅಷ್ಟು ಚೆಂದದ ಕೆಂಪನ್ನು ಪಂಪಾವತಿ ಯಾವ ಪರದೆಯ ಮೇಲೂ ಕಂಡಿರಲಿಲ್ಲ. ಅವಳು ಗೋಡೆಗೊರಗಿ ಕೂತು ತಾನೂ ಅತ್ತಳು.

ಆಂಬುಲೆನ್ಸ್ ಹತ್ತುವಾಗ ಅರೆಗಣ್ಣು ತೆರೆದ ಹುಲಿಗೆಮ್ಮ ಅವಳನ್ನು ಗುರುತಿಸಿ, "ಪುರುಡಿನಾಗ ಮುಟ್ಟೀಯಲ್ಲ ಹುಡುಗಿ. ಮನಿಗೆ ಹೋಗಿ ತಲಿಮ್ಯಾಲ ನೀರು ಹಾಕ್ಕೊ," ಅಂದಳು. ಅಳುತ್ತಿದ್ದವರೂ ನಕ್ಕರು.

ತಾಯಿ, ಮಗಳು, ಕೂಸು ಮೂವರೂ ಉಳಿದರು. ಉಳಿಯದ್ದು ಗಿಡ. ಸೋರಿದ್ದು ಅದರ ಹಿಂದಿನ ಗೋಡೆಯ ಕೊಳವೆ. ಹಿಮದಂತೆ ತಣ್ಣಗಿನ ಆ ಅನಿಲ ಮೊದಲು ಸುರಿದದ್ದು ಅದರ ಬುಡಕ್ಕೆ. ಬೆಚ್ಚನೆಯ ಕಾಡಿನ ಬಳ್ಳಿಗೆ ಆ ಚಳಿ ತಡೆಯಲಿಲ್ಲ. ಕೆಂಪಾಗಿದ್ದ ಎಲೆಗಳು ಮರುದಿನ ಕಪ್ಪಾದವು, ಕಾಂಡ ಬೆರಳಿಗೆ ಮೆತ್ತಗೆ ಹತ್ತಿತು. ಗೆಣ್ಣು ಗೆಣ್ಣು ಕೊಯ್ದು ನೋಡಿದರೂ ಎಲ್ಲೂ ಜೀವವಿರಲಿಲ್ಲ.

ಗಿಡವಿಲ್ಲದ ಮನೆಯೊಳಗೆ ಬಾಗಿಲು ಮುಚ್ಚಿಕೊಂಡು ಇರುವ ಹಾಗಿಲ್ಲ ಎಂಬುದು ತಂಪೂರಿನ ಕಾಯಿದೆ. ಬಾಗಿಲು ಮುಚ್ಚದೆ ಅಲ್ಲಿ ಹಗಲು ಕಳೆಯಲಾಗದು. ಪ್ರಯೋಗಶಾಲೆಯಿಂದ ಹೊಸ ಗಿಡ ಬರುವುದು ಮಳೆ ಬಿದ್ದ ಮೇಲೆಯೇ. ಯಾರದಾದರೂ ಗಿಡದ ಕಡ್ಡಿ ತಂದರೂ ಅದು ಬೇರೂರಿ ಎಲೆ ಬಿಡಲು ತಿಂಗಳುಗಳು ಬೇಕು. ಆಸ್ಪತ್ರೆಯಿಂದ ಬಂದ ಬಾಣಂತಿಯನ್ನೂ ಕೂಸನ್ನೂ ಊರಿನ ಛತ್ರದಲ್ಲಿ ಇರಿಸಿದರು. ನೂರು ಜನ ಹಾಯುವ ಜಾಗ, ಅಲ್ಲಿ ಬಾಣಂತನವೆಂದರೆ ಹೇಗಾದೀತು? ಪಂಪಾವತಿ ಸಂಜೆ ಬುತ್ತಿ ಹಿಡಿದು ಹೋದಾಗ ಹುಲಿಗೆಮ್ಮ ಮೂಲೆಯಲ್ಲಿ ಸೀರೆಯೊಂದನ್ನು ಮರೆ ಕಟ್ಟಿ ಕೂತಿದ್ದಳು.

"ಕೂಸಿನ ಹೆಸರಿಡಾಕ ತೊಟ್ಟಿಲು ಇಲ್ಲೇ ಕಟ್ಟಬೇಕೇನೋ," ಅಂದಳು. "ಮನ್ಯಾಗ ಕಟ್ಟಬೇಕಂತ ಕೊಂಡಿ ತಿಕ್ಕಿಸಿಟ್ಟಿದ್ನೆ. ಇರ್ಲಿ. ಜೀವ ಕೊಟ್ಟಾನ, ಮತ್ತೂ ಕೇಳಬಾರದು." ಕಡದ ಸುದ್ದಿ ಮಾತ್ರ ಎತ್ತಲಿಲ್ಲ. ಕಳೆದುಕೊಂಡವಳು ಈಗ ಕೇಳಿದರೆ ಅದು ಚೇಷ್ಟೆಯಾಗುವುದಿಲ್ಲವಲ್ಲ.

ಪಂಪಾವತಿ ಮನೆಗೆ ಬಂದು ಕುಂಡದ ಮುಂದೆ ಕೂತಳು. ಕುಡಿ ಇನ್ನೂ ಸುರುಳಿಯಾಗಿಯೇ ಇತ್ತು. ಪೂರ್ತಿ ಬಿಳಿ ಬಂದರೆ ಗಿಡ ಹಸಿದು ಸಾಯುತ್ತದೆ. ಪೂರ್ತಿ ಹಸಿರು ಬಂದರೆ ಮೂಕ, ನಿಗಾಕೋಣೆ ಒಪ್ಪುವುದಿಲ್ಲ. ಸುರುಳಿಯ ಹೊರಮೈ ನೋಡಿ ಯಾರೂ ಹೇಳುವ ಹಾಗಿಲ್ಲ. ವಂಶದೊಳಕ್ಕೆ ಕೆಂಪನ್ನು ಬರೆದ ವಿಜ್ಞಾನಿಗಳಿಗೂ ಯಾವ ಎಲೆಯಲ್ಲಿ ಬಿಳಿ ಎಷ್ಟು ಬರಬೇಕೆಂದು ಬರೆಯಲು ಬಂದಿರಲಿಲ್ಲ. ಅದು ಹಣೆಬರಹ ಬರೆಯುವವನ ಕೈಯಲ್ಲೇ ಉಳಿದಿತ್ತು. ಅವಳು ಒದ್ದೆ ಬಟ್ಟೆಯಿಂದ, ಕಡ್ಡಿಯೊಂದಿಗೇ ಬಂದಿದ್ದ ಹಳೆಯ ಎಲೆ ಒರೆಸಿದಳು. ಸುರುಳಿ ಒಣಗಿ ಹರಿಯದಂತೆ ಸುತ್ತ ನೀರು ಚಿಮುಕಿಸಿದಳು. ಕುಂಡವನ್ನು ಬೆಳಕಿನತ್ತ ಒಂದಿಷ್ಟು ತಿರುಗಿಸಿದಳು. ಮನುಷ್ಯರು ಮಾಡಬಹುದಾದ್ದು ಅಷ್ಟೇ.

ಅತ್ತ ನಿಗಾಕೋಣೆಯಲ್ಲಿ ಶುಕ್ರವಾರದ ಮಾಫಿ ರದ್ದಾಯಿತು. ಈ ಸಲ ನರಹರಿಯವರು ಕುಂಕುಮ ಬೇಡವೆನ್ನಲಿಲ್ಲ. ಓಣಿಯ ಕಟ್ಟೆಯ ಮೇಲೆ ಹೆಂಗಸರ ನಡುವೆ ಕೂತು, "ಎಲ್ಲಿ ಹಚ್ಚಬೇಕು ಅಂತ ನೀವೇ ಹೇಳಿ ತಾಯಂದಿರಾ, ಎಲೆ ಒಂದು ಬಿಟ್ಟು," ಅಂದರು.

ಪಂಪಾವತಿಯ ಅತ್ತೆ ಆ ಪ್ರಶ್ನೆ ಕೇಳಿ ಅಚ್ಚರಿಪಟ್ಟಳು. "ಕುಂಡಕ್ಕ ಹಚ್ಚಿದ್ರ ಆತಲ್ರಿ. ಕೊಡಕ್ಕ ಹಚ್ಚತೀವಿ, ಬಿಂದಗಿಗೆ ಹಚ್ಚತೀವಿ. ಹೊಟ್ಟಿಗೆ ಹಚ್ಚಿದ್ರ ಒಳಗಿನ ಗಂಗವ್ವಗ ಮುಟ್ಟತೈತಿ, ಗಿಡಕ್ಕ ಮುಟ್ಟೂದಿಲ್ಲೇನು? ಮೊದಲ ನೀವು ಬ್ಯಾಡ ಅಂದ್ರಿ. ಎಲ್ಲಿ ಅಂತ ಕೇಳಲೇ ಇಲ್ಲ." ನರಹರಿಯವರು ನಕ್ಕುಬಿಟ್ಟರು. ಮುಂದಿನ ಶುಕ್ರವಾರ ಎಲೆಗಳೆಲ್ಲ ಹಾಲಿನಂತೆ ಬೆಳ್ಳಗೆ, ಕುಂಡಗಳ ಹೊಟ್ಟೆಯ ಮೇಲೆಲ್ಲ ದುಂಡನೆ ಕುಂಕುಮ.

ಅದರ ಮರುದಿನ ಮುಂಜಾನೆ ಪಂಪಾವತಿ ಎದ್ದಾಗ ಕುಡಿ ಬಿಚ್ಚಿಕೊಂಡಿತ್ತು.

ಪುರುಡು ಕಳೆದ ಬೆಳಗು ಹುಲಿಗೆಮ್ಮ ಛತ್ರದಿಂದ ಬಂದು ತನ್ನ ಮನೆಗೆ ನೀರು ಹಾಕಿ ತೊಳೆಯುತ್ತಿದ್ದಳು. ಕೊಳವೆಗೆ ಹೊಸ ಬೆಸುಗೆ ಬಿದ್ದಿತ್ತು. ಇರಲಾಗದಿದ್ದರೂ ಮನೆ ಶುದ್ಧವಾಗಬೇಕಲ್ಲ. ಹೊತ್ತೇರುವ ಮೊದಲು ಮತ್ತೆ ಬಾಗಿಲಿಗೆ ಚಿಲಕ ಹಾಕಿ ಛತ್ರಕ್ಕೆ ಹೋಗಬೇಕು. ಗೋಡೆಯ ಹತ್ತಿರ ಗಿಡವಿದ್ದ ಜಾಗದಲ್ಲಿ ಒಂದು ದುಂಡನೆ ಕಲೆ ಉಳಿದಿತ್ತು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗದೆಯೇ, "ಹೆಪ್ಪಿಗೆ ಬಂದೀಯೇನು? ಮಡಕಿ ತೊಳದಿಟ್ಟೀನಿ, ಹಾಲು ಕಾಸಿಲ್ಲ ಇನ್ನೂ," ಅಂದಳು.

ಪಂಪಾವತಿ ಹತ್ತಿರ ಬಂದು ನಿಂತಳು. ಹುಲಿಗೆಮ್ಮ ಪೊರಕೆ ಹಿಡಿದೇ ತಿರುಗಿದಳು. ಪಂಪಾವತಿಯ ಸೆರಗಿನ ಮರೆಯಲ್ಲಿ ಕುಂಡವಿತ್ತು. ಕುಂಡದಲ್ಲಿ ಎರಡೆಲೆ, ಹೊಸದು ಇನ್ನೂ ಎಳಸು, ನಡುವಿನ ನರಕ್ಕೆ ಒಂದು ಕಡೆ ಹಸಿರು, ಒಂದು ಕಡೆ ಬಿಳಿ, ಯಾರೋ ತೂಗಿ ಹಂಚಿದಂತೆ. ಕುಂಡದ ಹೊಟ್ಟೆಗೆ ಒಂದು ಬೊಟ್ಟು ಕುಂಕುಮ.

ಹುಲಿಗೆಮ್ಮ ಪೊರಕೆಯನ್ನು ಗೋಡೆಗಾನಿಸಿ, ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಂಡು ಎರಡೂ ಕೈ ಚಾಚಿದಳು. ಪಂಪಾವತಿ ಕುಂಡವನ್ನು ಆ ಕೈಗಳಲ್ಲಿ ಇಟ್ಟಳು.